ನಿಂತಲ್ಲೇ ಬಿದ್ದವರು

ಅರವತ್ತರ ಸ್ಪೀಡಿನಲ್ಲಿ ಬಿದ್ದವನಿಗೆ ಊರು ಮರ್ಯಾದೆ ಕೊಡುತ್ತದೆ. ನೋಡಲು ಬಂದವರು ಎಳನೀರು ತರುತ್ತಾರೆ, ಬಿಸ್ಕೀಟು ತರುತ್ತಾರೆ, ಬೀಗರು ಬಂದು "ದೇವರು ದೊಡ್ಡಾಂವ, ಸಣ್ಣದರಾಗ ಹೋತು" ಎಂದು ಅರ್ಧ ತಾಸು ಕೂತು ಹೋಗುತ್ತಾರೆ. ಅದೇ ಮನುಷ್ಯ ಸಿಗ್ನಲ್ಲಿನಲ್ಲಿ ನಿಂತವನು ನಿಂತಂತೆಯೇ ಗಾಡಿ ಸಮೇತ ಮಗ್ಗುಲಿಗೆ ಹೊರಳಿದರೆ ಎಳನೀರೂ ಇಲ್ಲ, ಬೀಗರೂ ಇಲ್ಲ. ಅವನ ಪಾಲಿಗೆ ಬರುವುದು ಒಂದೇ ಪ್ರಶ್ನೆ: "ನಿಂತಲ್ಲೇ ಹ್ಯಾಂಗ ಬಿದ್ದ್ಯೋ ತಮ್ಮಾ?" ಈ ಪ್ರಶ್ನೆಗೆ ಹುಬ್ಬಳ್ಳಿ-ಧಾರವಾಡದಲ್ಲಿ ಇವತ್ತಿನವರೆಗೂ ಯಾರೂ ಖರೇ ಉತ್ತರ ಕೊಟ್ಟಂತಿಲ್ಲ.

ಬೈಪಾಸಿನಲ್ಲಿ ಬೀಳುವ ಮಾತು ಬೇರೆ. ಅದರಲ್ಲಿ ನಗುವಂಥದ್ದು ಏನೂ ಇಲ್ಲ, ಅದನ್ನು ಇಲ್ಲಿಗೇ ಬಿಡೋಣ. ನನಗೆ ಬೇಕಾದದ್ದು ಸೊನ್ನೆ ಕಿಲೋಮೀಟರ್ ವೇಗದ ಬೀಳಾಟ. ಪೆಟ್ರೋಲ್ ಬಂಕಿನ ಸಾಲಿನಲ್ಲಿ, ಸ್ವಂತ ಮನೆಯ ಗೇಟಿನಲ್ಲಿ, ಚಹಾದಂಗಡಿಯ ಮುಂದೆ, ಹೆಣ್ಣು ನೋಡಲು ಹೋದ ಮನೆಯ ಅಂಗಳದಲ್ಲಿ. ಬೀಳಲು ಗಾಡಿ ಆರಿಸಿಕೊಳ್ಳುವ ಜಾಗ ನೋಡಿದರೆ ಅದಕ್ಕೆ ನೋಡುವ ಮಂದಿ ಬೇಕೇ ಬೇಕು ಅನ್ನಿಸುತ್ತದೆ. ಹಿತ್ತಲಲ್ಲಿ ಒಬ್ಬನೇ ತೊಳೆಯುವಾಗ ಎಂದೂ ಬೀಳದ ಗಾಡಿ, ಸಂಜೆ ಏಳಕ್ಕೆ ದುರ್ಗದ ಬೈಲಿನಲ್ಲಿ, ಗಿರ್ಮಿಟ್ಟಿನ ಗಾಡಿಯ ಮುಂದೆ, ಅಷ್ಟು ಮಂದಿ ಮಿರ್ಚಿ ಕಚ್ಚುತ್ತ ನಿಂತಿರುವಾಗಲೇ ಸರಕ್ಕನೆ ಮಲಗುತ್ತದೆ.

ಬಿದ್ದವನು ಎದ್ದ ಮೇಲೆ ಮೊದಲು ಮೊಳಕಾಲು ನೋಡಿಕೊಳ್ಳುತ್ತಾನೆ ಅಂದುಕೊಂಡಿದ್ದರೆ ನೀವು ಯಾರೂ ಬಿದ್ದದ್ದನ್ನು ನೋಡಿಲ್ಲ. ಅವನು ಮೊದಲು ನೋಡುವುದು ಸುತ್ತಲೂ. ಆಮೇಲೆ, ಯಾರೂ ಕೇಳುವ ಮೊದಲೇ, "ಏನೂ ಆಗಿಲ್ರಿ, ಏನೂ ಆಗಿಲ್ಲ" ಎಂದು ಊರಿಗೆಲ್ಲ ಡಂಗುರ ಹೊಡೆಯುತ್ತಾನೆ. ಅದಾದ ಮೇಲೆ ರಸ್ತೆಯನ್ನು ದಿಟ್ಟಿಸುತ್ತಾನೆ. ಒಂದು ಕಲ್ಲು, ಒಂದು ತಗ್ಗು, ಎರಡು ಹನಿ ಆಯಿಲ್ಲು, ಬಾಳೆಹಣ್ಣಿನ ಸಿಪ್ಪೆ, ಏನಾದರೂ ಸಿಕ್ಕರೆ ಅವನ ಮುಖ ಅರಳುತ್ತದೆ. "ನೋಡ್ರಿ, ಇದ! ಇದರಿಂದ!" ಏನೂ ಸಿಗದೇ ಹೋದರೆ ಚಪ್ಪಲಿ ಬಿಚ್ಚಿ ಅದರ ತಳ ಪರೀಕ್ಷೆ ಮಾಡುತ್ತಾನೆ. ಚಪ್ಪಲಿ ಬಡವ, ಮೂಕ, ತಪ್ಪು ಹೊತ್ತುಕೊಳ್ಳುತ್ತದೆ.

ಖರೇ ಕಾರಣ ಎಲ್ಲರಿಗೂ ಗೊತ್ತಿರುವುದೇ. ಹ್ಯಾಂಡಲ್ ಒಂದು ಕಡೆ ತಿರುಗಿದೆ, ಗಾಡಿ ಇನ್ನೇನು ನಿಲ್ಲಬೇಕು, ಆ ಹೊತ್ತಿಗೆ ಬಲಗೈ ಮುಂದಿನ ಬ್ರೇಕನ್ನು ಗಪ್ಪನೆ ಹಿಡಿಯಿತು. ತಿರುಗಿದ ಗಾಲಿ ಅಲ್ಲೇ ಕಚ್ಚಿಕೊಳ್ಳುತ್ತದೆ, ಹಿಂದಿನ ಭಾರವೆಲ್ಲ ತಿರುಗಿದ ಕಡೆಗೆ ನುಗ್ಗುತ್ತದೆ, ಗಾಡಿ ಮಲಗುತ್ತದೆ. ಇಷ್ಟೇ. ಬ್ರೇಕು ಹಿಡಿದದ್ದು ತನ್ನದೇ ಕೈ ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಸವಾರ ಹೇಳುತ್ತಾನೆ.

ಅವಳಿ ನಗರ ಅಂದ ಮಾತ್ರಕ್ಕೆ ಎರಡೂ ಊರಿನವರು ಒಂದೇ ಥರ ಬೀಳುತ್ತಾರೆ ಅಂತಲ್ಲ. ಧಾರವಾಡ ಏರು-ಇಳಿವಿನ ಊರು. ಕರ್ನಾಟಕ ವಿಶ್ವವಿದ್ಯಾಲಯ ಕೂತಿರುವುದೇ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ. ಅದಕ್ಕೆ ಸರಿಯಾಗಿ ಜೂನ್ ಹತ್ತಿದರೆ ಬಿಡದೆ ಹಿಡಿಯುವ ಜಿಟಿಜಿಟಿ ಮಳೆ, ಜಾರುವ ಕೆಂಪು ರಾಡಿ. ಇಳಿಜಾರಿನಲ್ಲಿ ಅಡ್ಡಡ್ಡ ನಿಂತು, ತಗ್ಗಿನ ಕಡೆಯ ಕಾಲು ಚಾಚಿದರೆ ನೆಲ ಇನ್ನೂ ನಾಲ್ಕು ಬೆರಳು ಕೆಳಗಿರುತ್ತದೆ. ನೆಲ ಸಿಗುವ ಹೊತ್ತಿಗೆ ಗಾಡಿಯೂ ಜೊತೆಗೆ ಬಂದಿರುತ್ತದೆ. ಹುಬ್ಬಳ್ಳಿ ಹೆಚ್ಚುಕಡಿಮೆ ಸಪಾಟು. ಅಲ್ಲಿ ಗಾಡಿ ಗದ್ದಲಕ್ಕೆ ಬೀಳುತ್ತದೆ. ಎಡಕ್ಕೆ ಆಟೋ, ಬಲಕ್ಕೆ ಕೈಗಾಡಿ, ಮುಂದೆ ಫೋನಿನಲ್ಲಿ ಮಾತಾಡುತ್ತ ಅಡ್ಡ ನಿಂತ ಒಬ್ಬ ಹಿರಿಯರು, ಹಿಂದೆ ಹಾರ್ನು. ಕಾಲೂರಲು ಜಾಗವೇ ಇಲ್ಲ. ಕೊಪ್ಪೀಕರ ರಸ್ತೆಯಲ್ಲಿ ಹಬ್ಬದ ಮುಂದೆ ಗಾಡಿ ಬೀಳುವುದಕ್ಕೂ ಜಾಗ ಇರುವುದಿಲ್ಲ, ಪಕ್ಕದವನ ಗಾಡಿಯ ಮೇಲೆ ಒರಗಿ ನಿಲ್ಲುತ್ತದೆ ಅನ್ನುವುದು ಬೇರೆ ಮಾತು.

ಬಿದ್ದ ಮೇಲಿನ ಉಪಚಾರದಲ್ಲಂತೂ ಎರಡು ಊರಿಗೂ ಅಜಗಜಾಂತರ. ಹುಬ್ಬಳ್ಳಿಯಲ್ಲಿ ನೀವು ಬಿದ್ದಿರಿ ಅನ್ನಿ. ನಿಮ್ಮ ಬೆನ್ನು ನೆಲಕ್ಕೆ ಹತ್ತುವ ಮೊದಲೇ ನಾಲ್ಕು ಕೈ ಬಂದು ಗಾಡಿ ಎತ್ತಿ ನಿಲ್ಲಿಸಿರುತ್ತವೆ. ಗಾಡಿಯನ್ನು, ನಿಮ್ಮನ್ನಲ್ಲ. ಆಮೇಲೆ ಪಂಚನಾಮೆ ಶುರು. "ಕ್ಲಚ್ ಲಿವರ್ ಬೆಂಡಾಗೈತಿ. ಕೈಲೆ ತಿದ್ದಾಕ ಹೋಗಬ್ಯಾಡ್ರಿ ಮತ್ತ, ಪಟ್ಟನ ಮುರೀತೈತಿ." "ಇಂಡಿಕೇಟರ್ ಹೋತು. ಒರಿಜಿನಲ್ ಬ್ಯಾಡ್ರಿ, ಲೋಕಲ್ ಹಾಕಸ್ರಿ, ಅರ್ಧಕ್ಕರ್ಧ ಉಳೀತೈತಿ." ಮೂರನೆಯವನು ಟ್ಯಾಂಕಿನ ಮೇಲೆ ಬೆರಳಾಡಿಸಿ, ತಲೆ ಓರೆ ಮಾಡಿ, ತಣ್ಣಗೆ ಕೇಳುತ್ತಾನೆ: "ಗಾಡಿ ಕೊಡೂದೈತೇನ್ರಿ? ಬಿದ್ದ ಗಾಡಿ, ರೇಟ್ ನೋಡ್ಕೊಂಡು ಹೇಳ್ರಿ." ನೀವಿನ್ನೂ ನೆಲದ ಮೇಲೇ ಇದ್ದೀರಿ.

ಧಾರವಾಡದಲ್ಲಿ ಯಾರೂ ಗಾಡಿಗೆ ಕೈ ಹಚ್ಚುವುದಿಲ್ಲ. ಮೊದಲು ವಿಚಾರ ಆಗಬೇಕು. ಕಲ್ಯಾಣನಗರದ ಇಳಿಜಾರಿನಲ್ಲಿ ಒಬ್ಬ ಹುಡುಗ ಗಾಡಿಯ ಕೆಳಗೆ ಒಂದು ಕಾಲು ಇಟ್ಟುಕೊಂಡು ಕೂತಿದ್ದಾನೆ ಅನ್ನಿ. ಬೆಳಗಿನ ವಾಕಿಂಗಿಗೆ ಹೊರಟ ನಿವೃತ್ತ ಪ್ರೊಫೆಸರರು ಛತ್ರಿ ಊರಿ ನಿಲ್ಲುತ್ತಾರೆ.

"ಸರ, ಒಂದ್ ಕೈ ಹಚ್ರಿ."

"ಹಚ್ಚೋಣಪಾ. ಮೊದಲ ಒಂದು ಹೇಳು, ಗಾಡಿ ಓಡತಿರಬೇಕಾದ್ರ ಯಾಕ ಬೀಳೂದಿಲ್ಲ?"

"ಗೊತ್ತಿಲ್ರಿ ಸರ."

"ಗಾಲಿ ಗರಗರ ತಿರಗತದ, ಅದಕ್ಕ ಬೀಳೂದಿಲ್ಲ ಅಂತ ನೀ ತಿಳಕೊಂಡಿರಬೇಕು. ಭಾಳ ಮಂದಿ ಹಂಗ ತಿಳಕೊಂಡಿದ್ರು. 2011ರಾಗ ಡೆಲ್ಫ್ಟ್ ಮತ್ತ ಕಾರ್ನೆಲ್ ವಿಶ್ವವಿದ್ಯಾಲಯದವರು ಏನ್ ಮಾಡಿದ್ರು ಗೊತ್ತದ ಏನು? ಗಾಲಿ ತಿರುಗೂ ಪರಿಣಾಮನ ಇಲ್ಲದಂಗ ಮಾಡಿ ಒಂದು ಸೈಕಲ್ ಕಟ್ಟಿದ್ರು. ಮ್ಯಾಲೆ ಮನಷ್ಯಾ ಇಲ್ಲ. ನೂಕಿ ಬಿಟ್ರು. ಅದೂ ಬೀಳದ ಓಡತು! 'ಸೈನ್ಸ್' ಪತ್ರಿಕಾದಾಗ ಬಂದದ."

"ಸರ, ಕಾಲು..."

"ಅಲ್ಲಿಗೇ ಬರ್ಲಿಕ್ಕತ್ತೇನಿ. ಓಡೂ ಗಾಡಿ ಎಡಕ್ಕ ವಾಲಿದ್ರ ಮುಂದಿನ ಗಾಲಿನೂ ತಾನ ಎಡಕ್ಕ ತಿರಗತದ. ತಿರುಗಿ ತನ್ನ ಭಾರದ ಬುಡಕ್ಕ ತಾನ ಬಂದು ನಿಂದರತದ. ಆದ್ರ ಅದಕ್ಕ ಓಟ ಬೇಕು. ನಿಂತಾಗ ಆ ಕೆಲಸ ಯಾರು ಮಾಡಬೇಕು?"

"ಕಾಲು, ಸರ."

"ಶಾಬಾಸ್. ಮತ್ತ ಕಾಲು ಎಲ್ಲದ?"

"ಗಾಡಿ ಬುಡಕ, ಸರ."

ಅಷ್ಟರಲ್ಲಿ ಇನ್ನಿಬ್ಬರು ನಿವೃತ್ತರು ಬಂದು ಸೇರುತ್ತಾರೆ. ಒಬ್ಬರು ಇದು ಭೌತಶಾಸ್ತ್ರದ ಪ್ರಶ್ನೆ ಅಲ್ಲವೇ ಅಲ್ಲ, ಕರ್ಮಸಿದ್ಧಾಂತದ್ದು ಎನ್ನುತ್ತಾರೆ. ಇನ್ನೊಬ್ಬರು ತಾವು ಕರ್ನಾಟಕ ಕಾಲೇಜಿನ ದಿಬ್ಬದಲ್ಲಿ ಸೈಕಲ್ಲಿನಿಂದ ಬಿದ್ದದ್ದನ್ನು, ಆಗ ಪ್ರಿನ್ಸಿಪಾಲರು ಯಾರಿದ್ದರು ಎಂಬುದರಿಂದ ಶುರುಮಾಡುತ್ತಾರೆ. ಕಡೆಗೆ ಗಾಡಿ ಎತ್ತುವವನು ಎಕ್ಸೆಲ್ ಮೊಪೆಡ್ಡಿನ ಮೇಲೆ ಎರಡೂ ಕಡೆ ಹಾಲಿನ ಕ್ಯಾನು ತೂಗಿಬಿಟ್ಟುಕೊಂಡು ಬರುವ ಹಳ್ಳಿಯ ಹುಡುಗ. ಅವನ ಗಾಡಿ ಬೀಳುವುದೇ ಇಲ್ಲ. ಬಿದ್ದರೂ ಪೂರ್ತಿ ಬೀಳುವುದಿಲ್ಲ, ಕ್ಯಾನಿನ ಮೇಲೆ ಒರಗಿ ನಿಲ್ಲುತ್ತದೆ. ಯಾವ ಕಂಪನಿಯ ಗಾರ್ಡೂ ಅದಕ್ಕೆ ಸಮವಲ್ಲ.

ಇನ್ನು ಬಿದ್ದದ್ದು ಯಾರ ಹದ್ದಿನಲ್ಲಿ ಅನ್ನುವ ತಕರಾರು ಬೇರೆ. 1962ರಿಂದ ಎರಡೂ ಊರಿಗೆ ಒಂದೇ ಮಹಾನಗರ ಪಾಲಿಕೆ ಇತ್ತು, ಹೀಗಾಗಿ ಎಲ್ಲಿ ಬಿದ್ದರೂ ಬಯ್ಯಲು ಒಂದೇ ವಿಳಾಸ. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಆಗಲಿ ಎಂದು ರಾಜ್ಯ ಸಂಪುಟ ಒಪ್ಪಿತು. ಊರೆಲ್ಲ ಪೇಢೆ ಹಂಚುವಾಗ ನಮ್ಮ ಚಹಾದಂಗಡಿಯ ಕಟ್ಟೆಯ ಮೇಲೆ ಎದ್ದ ಪ್ರಶ್ನೆ ಒಂದೇ: ಎರಡೂ ಊರಿನ ನಡುವೆ ಗಡಿಗೆರೆಯ ಮೇಲೇ ಒಂದು ತಗ್ಗು ಇದ್ದು, ಮುಂದಿನ ಗಾಲಿ ಧಾರವಾಡದಲ್ಲಿ ಹಿಂದಿನ ಗಾಲಿ ಹುಬ್ಬಳ್ಳಿಯಲ್ಲಿ ಇರುವಾಗ ಗಾಡಿ ಬಿದ್ದರೆ ಅರ್ಜಿ ಯಾರಿಗೆ? ಮುಂದಿನ ಗಾಲಿ ಜಾರಿದರೆ ಧಾರವಾಡಕ್ಕೆ, ಹಿಂದಿನದು ಜಾರಿದರೆ ಹುಬ್ಬಳ್ಳಿಗೆ ಎಂದು ಸದ್ಯಕ್ಕೆ ತೀರ್ಮಾನವಾಗಿದೆ.

ಬುಲೆಟ್ಟಿನವರ ಮಾತು ಬೇರೆ ಎತ್ತಲೇಬೇಕು, ಇಲ್ಲದಿದ್ದರೆ ಅವರಿಗೆ ಸಿಟ್ಟು. ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ, ರೇಲ್ವೆ ವರ್ಕ್‌ಶಾಪಿನಲ್ಲಿ ಇದ್ದು ರಿಟೈರಾದವರು. ಅವರ ಹಳೇ ಬುಲೆಟ್ಟಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಇಂಗ್ಲೆಂಡಿನ ಗಾಡಿ 1955ರಲ್ಲಿ ಮದ್ರಾಸಿಗೆ ಬಂದಾಗ ಆ ಪದ್ಧತಿಯನ್ನೂ ಜೊತೆಗೆ ತಂದಿತು, ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಹಾಗೇ ನಡೆಯಿತು. ಊರಿನ ಉಳಿದ ಗಾಡಿಗಳಿಗೆಲ್ಲ ಇದು ತಿರುಗಾಮುರುಗಾ. ಆದ್ದರಿಂದ ಕಾಕಾರ ಗಾಡಿಯನ್ನು ಯಾರೂ ಕಡ ಕೇಳುತ್ತಿರಲಿಲ್ಲ. ಹೊಸ ಅಳಿಯ ಕೇಳಿದ. ಪಾಪ, ಸ್ಪ್ಲೆಂಡರ್ ಹೊಡೆದು ರೂಢಿ ಇದ್ದವನು. ಕೇಶ್ವಾಪುರದ ಸರ್ಕಲ್ಲಿನಲ್ಲಿ ನಿಲ್ಲಬೇಕೆಂದು ಬಲಗಾಲು ಒತ್ತಿದ. ಗೇರು ಬಿತ್ತು. ಗಾಬರಿಯಾಗಿ ಎಡಗಾಲಿನಿಂದ ಗೇರು ಇಳಿಸಲು ಹೋದ. ಬ್ರೇಕು ಬಿತ್ತು. ಎರಡೂ ಕಾಲು ಕೆಲಸದ ಮೇಲಿದ್ದದ್ದರಿಂದ ನೆಲಕ್ಕೆ ಊರಲು ಮೂರನೆಯದು ಉಳಿದಿರಲಿಲ್ಲ.

ಸುದ್ದಿ ಕೇಳಿ ಓಡಿಬಂದ ಕಾಕಾ ಗಾರ್ಡಿನ ಮೇಲೆ ಅಡ್ಡಡ್ಡ ಒರಗಿದ್ದ ಗಾಡಿಯನ್ನು ನೋಡಿ, ನೆರೆದವರಿಗೆಲ್ಲ ಕೇಳುವಂತೆ ಹೇಳಿದರು: "ಬಿದ್ದಿಲ್ಲೋ ಅದು, ಕುಂತೈತಿ. ಬುಲೆಟ್ ಬೀಳೂದಿಲ್ಲ." ಅಳಿಯನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವನು ನಿಜವಾಗಿಯೂ ಬಿದ್ದಿದ್ದ.

ಕೂತ ಬುಲೆಟ್ಟನ್ನು ಏಳಿಸುವುದು ಸಣ್ಣ ಕೆಲಸವೇ? ಸ್ಪ್ಲೆಂಡರಾದರೆ ನೂರಾಹತ್ತು ಕಿಲೋದ ಆಸುಪಾಸು, ಸಿಟ್ಟಿನ ಭರದಲ್ಲೇ ಎದ್ದುಬಿಡುತ್ತದೆ. ಬುಲೆಟ್ಟು ಎರಡು ಕ್ವಿಂಟಲ್ಲಿಗೆ ಸ್ವಲ್ಪವೇ ಕಮ್ಮಿ. ಹ್ಯಾಂಡಲ್ ಹಿಡಿದು ಬಗ್ಗಿ ಎಳೆದರೆ ಗಾಡಿ ಏಳುವುದಿಲ್ಲ, ನಿಮ್ಮ ನಡ ಬೀಳುತ್ತದೆ. ಅಳಿಯ ಒಂದು ಕಡೆ, ಕಾಕಾ ಒಂದು ಕಡೆ, ಇಬ್ಬರು ಕಾಲೇಜು ಹುಡುಗರು ನಡುವೆ, ಎಲ್ಲರೂ ಒಂದೊಂದು ದಿಕ್ಕಿಗೆ ಎಳೆಯುತ್ತಿರುವಾಗ ಅಮರಗೋಳದ ಎಪಿಎಂಸಿಯಿಂದ ಕೆಲಸ ಮುಗಿಸಿ ಹೊರಟಿದ್ದ ಒಬ್ಬ ಹಮಾಲರು ನಿಂತು ನೋಡಿದರು. ಜೀವಮಾನವೆಲ್ಲ ಚೀಲ ಹೊತ್ತವರು. ಈ ಅಡ್ಡಾದಿಡ್ಡಿ ಎತ್ತಾಟ ಅವರಿಗೆ ಸಹಿಸಲಾಗಲಿಲ್ಲ.

"ಸರೀರಿ ಎಲ್ಲಾರೂ. ಸಾಹೇಬ್ರ, ಗಾಡಿಗೆ ಬೆನ್ನು ಕೊಡ್ರಿ, ನಡಾ ಕೊಡಬ್ಯಾಡ್ರಿ."

ಆಮೇಲೆ ತೋರಿಸಿದರು. ಕೀಲಿ ಬಂದ್. ಪೆಟ್ರೋಲು ಸೋರುತ್ತಿದೆಯೇ ನೋಡಿಕೋ, ಬೀಡಿ ಹಚ್ಚಿದವರನ್ನು ದೂರ ಕಳಿಸು. ಗಾಡಿ ಉರುಳದಂತೆ ಗೇರಿನಲ್ಲಿ ಹಾಕು. ಬಲಕ್ಕೆ ಬಿದ್ದಿದ್ದರೆ ಈಗಲೇ ಎಡದ ಸೈಡ್ ಸ್ಟ್ಯಾಂಡು ಬಿಚ್ಚಿಡು, ಯಾಕೆಂದರೆ ಎತ್ತಿದ ಮೇಲೆ ನಿನಗೆ ಕೈ ಇರುವುದಿಲ್ಲ. ಗಾಡಿಗೆ ಬೆನ್ನು ಮಾಡಿ, ಸೀಟಿಗೆ ಕುಂಡೆ ಹಚ್ಚಿ ಕುಕ್ಕರಗಾಲಲ್ಲಿ ಕೂರು. ಒಂದು ಕೈ ಹ್ಯಾಂಡಲ್ಲಿನ ತುದಿಗೆ, ಇನ್ನೊಂದು ಹಿಂದಿನ ಹಿಡಿಕೆಗೆ. ಈಗ ಕಾಲಿನಿಂದ ನೆಲ ಒತ್ತುತ್ತ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಇಡು. ಬುಲೆಟ್ಟು ಕಮಕ್ ಅನ್ನದೆ ಎದ್ದಿತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅಳಿಯ ಹುರುಪಿಗೆ ಬಂದು ತಾನೂ ಒಂದು ಕೈ ಇರಲಿ ಎಂದು ಜೋರಾಗಿ ನೂಕಿದ. ಗಾಡಿ ನೆಟ್ಟಗಾಗಿ, ನೆಟ್ಟಗಿರುವುದನ್ನು ದಾಟಿ, ಆಚೆ ಕಡೆ ಕೂತಿತು. ಸೈಡ್ ಸ್ಟ್ಯಾಂಡಿನ ಮಾತು ಅವನು ಕೇಳಿಸಿಕೊಂಡಿರಲಿಲ್ಲ.

"ಈ ಕಡೀನೂ ಬಿದ್ದಿಲ್ಲ" ಅಂದರು ಕಾಕಾ.

ಹೊಸ ಗಾಡಿಗಳದ್ದು ಇನ್ನೊಂದು ನಾಟಕ. ಇಂಜೆಕ್ಷನ್ ಬಂದ ಮೇಲೆ ಎಷ್ಟೋ ಬೈಕುಗಳ ಒಳಗೆ ವಾಲಿದ್ದನ್ನು ಪತ್ತೆ ಹಚ್ಚುವ ಸೆನ್ಸರ್ ಒಂದನ್ನು ಇಟ್ಟಿರುತ್ತಾರೆ. ಗಾಡಿ ಮಲಗಿತೋ, ಅದು ಎಂಜಿನ್ ಬಂದ್ ಮಾಡುತ್ತದೆ. ಎತ್ತಿ ನಿಲ್ಲಿಸಿ ಬಟನ್ ಒತ್ತಿದರೆ ಚಾಲೂ ಆಗುವುದಿಲ್ಲ, ಒಮ್ಮೆ ಕೀಲಿ ಪೂರ್ತಿ ತಿರುಗಿಸಿ ಬಂದ್ ಮಾಡಿ ಮತ್ತೆ ಹಾಕಬೇಕು. ಇದು ಗೊತ್ತಿಲ್ಲದೆ ಉಣಕಲ್ಲಿನಿಂದ ವಿದ್ಯಾನಗರದವರೆಗೆ ಬಿಸಿಲಲ್ಲಿ ಗಾಡಿ ನೂಕಿಕೊಂಡು ಹೋದವರಿದ್ದಾರೆ. ಪಕ್ಕದ ಪಟ್ಟೆಯಲ್ಲಿ ಚಿಗರಿ ಬಸ್ಸು ಏಸಿ ಹಾಕಿಕೊಂಡು, ಹೆಸರಿಗೆ ತಕ್ಕಂತೆ ಜಿಗಿಯುತ್ತ ಹೋಗುತ್ತಿರುತ್ತದೆ, ಇವರು ಬೆವರುತ್ತ ನೂಕುತ್ತಿರುತ್ತಾರೆ. ಮಿಸ್ತ್ರಿ ಗಾಡಿಯ ಸುತ್ತ ಒಂದು ಸುತ್ತು ಬರುತ್ತಾನೆ, ಗಂಭೀರವಾಗಿ ಕಾರ್ಬೋರೇಟರೇ ಇಲ್ಲದ ಕಡೆ ಬಗ್ಗಿ ನೋಡುತ್ತಾನೆ, ಕೀಲಿ ಬಂದ್ ಮಾಡಿ ಹಾಕುತ್ತಾನೆ, ಗಾಡಿ ಗುರ್ ಅನ್ನುತ್ತದೆ. "ಏನಾಗಿತ್ತು?" "ಭಾಳ ಕೆಲಸ ಇತ್ರಿ ಒಳಗ."

ಹಿಂದಿನ ಕಾಲದ ಗುರುಗಳು ಇದಕ್ಕೆ ತದ್ವಿರುದ್ಧ. ಅವರು ಗಾಡಿ ಚಾಲೂ ಮಾಡುವುದಕ್ಕೇ ವಾಲಿಸುತ್ತಿದ್ದರು. 1972ರಲ್ಲಿ ಬಂದ ಬಜಾಜ್ ಚೇತಕ್ ಬೆಳಗಿನ ಚಳಿಗೆ ಹಟ ಹಿಡಿದರೆ ಮಾಳಮಡ್ಡಿಯ ಮಾಸ್ತರರು ಅದನ್ನು ನೆಲ ಮುಟ್ಟುವಷ್ಟು ಬಗ್ಗಿಸಿ, ಎರಡು ಎಣಿಸಿ, ಎಬ್ಬಿಸಿ, ಕಿಕ್ ಹೊಡೆಯುತ್ತಿದ್ದರು. ಪೆಟ್ರೋಲು ಇಳಿಯುತ್ತದೆ ಅಂತ ನಂಬಿಕೆ. ಎಷ್ಟು ಬಗ್ಗಿಸಿದರೆ ವಾಲುತ್ತದೆ, ಎಷ್ಟಕ್ಕೆ ಬೀಳುತ್ತದೆ ಎಂಬ ಲೆಕ್ಕ ಅವರ ಮೊಣಕೈಯಲ್ಲಿತ್ತು. ವರ್ಷಗಟ್ಟಲೆ ಪಾಳಿ ಕಾದು ಪಡೆದ ಗಾಡಿ, ಬೀಳಿಸುವ ಧೈರ್ಯ ಯಾರಿಗಿತ್ತು?

ಹಿಂದಿನ ಸೀಟಿನವರನ್ನು ಮರೆತರೆ ತಪ್ಪಾದೀತು. ಸೀರೆ ಗಾಲಿಗೆ ಸಿಗಬಾರದೆಂದು ನಮ್ಮ ಮೋಟಾರು ವಾಹನ ನಿಯಮಗಳೇ ಗಾಡಿಗೆ ಸೀರೆ ಗಾರ್ಡು, ಹಿಂದೆ ಕೂತವರಿಗೆ ಹಿಡಿಕೆ ಇರಬೇಕು ಅನ್ನುತ್ತವೆ. ಇಳಕಲ್ ಸೀರೆ ಉಟ್ಟು ಒಂದೇ ಕಡೆ ಕಾಲು ಇಳಿಬಿಟ್ಟು ಕೂತ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಒಂದು ವಿದ್ಯೆ ಸಿದ್ಧಿಸಿದೆ. ಗಾಡಿ ಎಡಕ್ಕೆ ವಾಲತೊಡಗಿದ ಕೂಡಲೇ ಅವರು ಸುಮ್ಮನೆ ನಿಂತುಬಿಡುತ್ತಾರೆ, ಬಸ್ಸು ಇಳಿದಷ್ಟು ಹಗುರಾಗಿ. ಕೈಯ ಬುಟ್ಟಿ ಅಲುಗುವುದಿಲ್ಲ, ಮಗು ಎಚ್ಚರಾಗುವುದಿಲ್ಲ. ಯಜಮಾನರು ಮಾತ್ರ ಗಾಡಿಯ ಜೊತೆ ಪೂರ್ತಿ ಹೋಗುತ್ತಾರೆ. ಲೈನ್ ಬಜಾರಿನಲ್ಲಿ ಪೇಢೆ ಕಟ್ಟಿಸಿಕೊಂಡು ಹೊರಟ ಒಂದು ಜೋಡಿ ಹೀಗೇ ಬೇರೆಬೇರೆಯಾಯಿತು. ಕೆಳಗಿನಿಂದ ಯಜಮಾನರು ಕೇಳಿದರು, "ಪೆಟ್ಟಾತೇನ?" ಮೇಲಿನಿಂದ ಉತ್ತರ ಬಂತು: "ನಾ ಇಳದೇನ್ರಿ. ನೀವ್ಯಾಕ ಮಲಕೊಂಡೀರಿ?"

ಮನುಷ್ಯರೇ ಕೆಡವಬೇಕೆಂದೂ ಇಲ್ಲ. ಏಪ್ರಿಲ್ ಬಿಸಿಲಿಗೆ ಹುಬ್ಬಳ್ಳಿಯ ಡಾಂಬರು ಮೆತ್ತಗಾಗಿ ಸೈಡ್ ಸ್ಟ್ಯಾಂಡು ನಿಧಾನಕ್ಕೆ ಇಳಿಯುತ್ತದೆ. ಬ್ಯಾಂಕಿನ ಕೆಲಸ ಮುಗಿಸಿ ಬರುವಷ್ಟರಲ್ಲಿ ಗಾಡಿ ಮಲಗಿರುತ್ತದೆ. ಅದಕ್ಕೇ ತಿಳಿದವರು ಡಿಕ್ಕಿಯಲ್ಲಿ ಒಂದು ಚಪ್ಪಟೆ ಕಲ್ಲು ಇಟ್ಟಿರುತ್ತಾರೆ, ಸ್ಟ್ಯಾಂಡಿನ ಬುಡಕ್ಕೆ. ಮಳೆಗಾಲದಲ್ಲಿ ಮಣ್ಣಿನ ಮೇಲೂ ಅದೇ ಕಲ್ಲು. ಮತ್ತೆ ಎಮ್ಮೆ. ಬೆನ್ನು ತುರಿಸಿದ ಎಮ್ಮೆಗೆ ಕಂಬವೂ ಒಂದೇ, ಬೈಕೂ ಒಂದೇ. ಮೊದಲಾದರೆ ಬೈದು ಓಡಿಸಬಹುದಿತ್ತು. 2021ರಲ್ಲಿ ಧಾರವಾಡಿ ಎಮ್ಮೆಗೆ ರಾಷ್ಟ್ರಮಟ್ಟದಲ್ಲಿ ಪ್ರತ್ಯೇಕ ತಳಿ ಎಂಬ ಮಾನ್ಯತೆ ಸಿಕ್ಕ ಮೇಲೆ ಅದರ ನಡಿಗೆಯೇ ಬದಲಾಗಿದೆ. ಪೇಢೆಗೆ ಹಾಲು ಕೊಡುವ ಕುಲ, ಯಾವುದೋ ಕಂತಿನ ಗಾಡಿಗೆ ಒರಗಿದರೆ ಗಾಡಿಯದೇ ಭಾಗ್ಯ.

ಹೊಗಳಲೂ ಒಂದು ಸಂಗತಿ ಇದೆ. ಸೈಡ್ ಸ್ಟ್ಯಾಂಡು ಮಡಚದೆ ಹೊರಟವನನ್ನು ಈ ಊರು ನೂರು ಮೀಟರು ಮುಂದೆ ಹೋಗಲು ಬಿಡುವುದಿಲ್ಲ. "ಅಣ್ಣಾ ಸ್ಟ್ಯಾಂಡ್! ಕಾಕಾ ಸ್ಟ್ಯಾಂಡ್! ಅಕ್ಕಾರ, ಸ್ಟ್ಯಾಂಡ್!" ಬದ್ಧವೈರಿಯಾದರೂ ಬೆನ್ನು ಹತ್ತಿ ಹೋಗಿ, ಪಕ್ಕಕ್ಕೆ ಬಂದು, ಕಾಲಿನತ್ತ ಬೆರಳು ಮಾಡಿ ತೋರಿಸಿ, ಆಮೇಲೆ ಮುಖ ತಿರುಗಿಸಿಕೊಂಡು ಹೋಗುತ್ತಾನೆ. ಈಗಿನ ಹಲವು ಗಾಡಿಗಳು ಸ್ಟ್ಯಾಂಡು ಇಳಿಬಿಟ್ಟಿದ್ದರೆ ಹೊರಡುವುದೇ ಇಲ್ಲ. ಹೀಗೇ 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳ ಹೆಡ್‌ಲೈಟು ಹಗಲೂ ಉರಿಯಲೇಬೇಕೆಂದು ನಿಯಮ ಬಂತು. ಆದರೂ ಕೈಬೆರಳು ಮಡಚಿ ಬಿಚ್ಚಿ "ಲೈಟ್ ಹತ್ಯಾವ" ಎಂದು ಸನ್ನೆ ಮಾಡುವ ಹಿರಿಯರು ಇನ್ನೂ ಇದ್ದಾರೆ. ಅವರಿಗೆ ನಿಯಮ ಹೇಳಲು ಹೋಗಬೇಡಿ. ತಲೆಯಾಡಿಸಿ, ಇಲ್ಲದ ಸ್ವಿಚ್ಚು ಒತ್ತಿದಂತೆ ಮಾಡಿ ಹೋಗಿ.

ಇಷ್ಟೆಲ್ಲದರ ಮೇಲೆ ಸಾಮೂಹಿಕ ಬೀಳಾಟ ಒಂದಿದೆ. ಶಾ ಬಜಾರಿನ ಹತ್ತಿರ ಸಾಲಾಗಿ, ಒಂದರ ಹ್ಯಾಂಡಲ್ಲು ಇನ್ನೊಂದರ ಬಗಲಿಗೆ ತೂರಿ ನಿಂತ ಗಾಡಿಗಳು. ಒಬ್ಬ ತನ್ನದನ್ನು ಹಿಂದಕ್ಕೆ ಎಳೆದ. ಮಿರರ್ ಸಿಕ್ಕಿಕೊಂಡಿತ್ತು. ಪಕ್ಕದ್ದು ವಾಲಿತು, ಅದು ಅದರ ಪಕ್ಕದ್ದನ್ನು, ಅದು ಮತ್ತೊಂದನ್ನು. ಸಾಲು ಪೂರ್ತಿ ಮಲಗುವ ತನಕ ಯಾರೂ ಉಸಿರು ಬಿಡಲಿಲ್ಲ. ಆಮೇಲೆ ಮಾಲಕರು ಒಬ್ಬೊಬ್ಬರಾಗಿ ಅಂಗಡಿಗಳಿಂದ ಹೊರಬಿದ್ದರು. ಎಳೆದವನು ತಾನು ಎಳೆದೇ ಇಲ್ಲ ಅಂದ. ಎರಡನೆಯವನು ತನ್ನದು ಬಿದ್ದದ್ದು ಮೊದಲನೆಯದರಿಂದ ಅಂದ. ಐದನೆಯವನು, ಟ್ಯಾಂಕಿನ ಮೇಲಿನ ಹಳೇ ಗೀರುಗಳನ್ನೆಲ್ಲ ಈ ಲೆಕ್ಕಕ್ಕೇ ಹಾಕಿದ. ವಾದ ಅರ್ಧ ತಾಸು ನಡೆಯಿತು, ಬಳೆ ಅಂಗಡಿಯವರು ನ್ಯಾಯಕ್ಕೆ ಕೂತರು, ಚಹಾ ಬಂತು, ಮತ್ತೊಮ್ಮೆ ಬಂತು.

ಸಾಲಿನ ಕಟ್ಟಕಡೆಗೆ ಒಂದೇ ಒಂದು ಗಾಡಿ ಡಬಲ್ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು. ಅದರ ಮಾಲಕ ಒಂದು ಮಾತೂ ಆಡದೆ ಕೀಲಿ ಹಾಕಿ ಹೊರಡುವವನಿದ್ದ.

"ನಿಂದರ್ರಿ" ಅಂದರು ಬಳೆ ಅಂಗಡಿಯವರು. "ನಿಮ್ಮದೊಂದ ಬಿದ್ದಿಲ್ಲ. ಲುಕ್ಸಾನ ಆಗದವ್ರು ನೀವೊಬ್ರ. ಚಾದ ಬಿಲ್ ಕೊಟ್ಟ ಹೋಗ್ರಿ."

ಎಲ್ಲರಿಗೂ ಇದು ನ್ಯಾಯ ಅನ್ನಿಸಿತು. ಅವನು ಕೊಟ್ಟ.